‘ಕಂಪನಿ’ ಎಂಬ ಶಬ್ದದ ವೃತ್ತಾಂತ

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಒಕ್ಕಲಿಗನು ತನ್ನ ನಿತ್ಯದ ಮಾತುಕತೆಯಲ್ಲಿ ‘ಕಂಪನಿ’ ಎಂಬ ಶಬ್ದವನ್ನು ಎಷ್ಟು ಬಗೆಯಾಗಿ ಬಳಸುವನೆಂಬದನ್ನು ಲಕ್ಷ್ಯಗೊಟ್ಟು ಕೇಳಿದವರಿಗೆ ಒಂದು ಚೋದ್ಯವು ಕಂಡುಬರುವದು. ಮುಂಗಾರಿಗೆ ಅವನು ಬಿತ್ತುವದು ಕಂಪನಿ ಬೀಜ. ಅಂದರೆ ಮನೆಯ ಹಗೇವಿನಿಂದ ತೆಗೆದುದಲ್ಲ, ಚೀಲದಲ್ಲಿ ಕೊಂಡು ತಂದುದು. ನೀರೆತ್ತುವ ಯಂತ್ರದ ಬಿಡಿಭಾಗವನ್ನು ಕೊಳ್ಳುವಾಗ “ಇದು ಕಂಪನಿ ಮಾಲೇನು?” ಎಂದು ಅಂಗಡಿಕಾರನನ್ನು ಕೇಳುವನು, ಅಲ್ಲಿ ಆ ಶಬ್ದಕ್ಕೆ ಅಸಲಾದುದು, ನಂಬತಕ್ಕದ್ದು ಎಂದು ಅರ್ಥ. ಮಗನು ಬೆಂಗಳೂರಿನಲ್ಲಿ ಕಂಪನಿಯಲ್ಲಿರುವನೆಂದರೆ ಅದು ಉದ್ಯೋಗ. ಜಾತ್ರೆಗೆ ಕಂಪನಿ ಬಂದಿದೆಯೆಂದರೆ ಅದು ನಾಟಕ. ಪರವೂರಿಗೆ ಒಬ್ಬನೇ ಹೋಗಲಾರದೆ ಗೆಳೆಯನಿಗೆ “ಕಂಪನಿ ಕೊಡು” ಎಂದರೆ ಅದು ಜತೆ. ಅಜ್ಜಿಯ ಗಂಟಿನಲ್ಲಿ ಮೂರು ತಲೆಮಾರಿನಿಂದ ಉಳಿದು ಬಂದ ಬೆಳ್ಳಿಯ ಬಿಲ್ಲೆಗೆ ಕಂಪನಿ ರೂಪಾಯಿ ಎಂದು ಹೆಸರು. ಬೀಜ, ಅಸಲುತನ, ಉದ್ಯೋಗ, ನಾಟಕ, ಗೆಳೆತನ, ನಾಣ್ಯ ಈ ಆರೂ ಒಂದೇ ಶಬ್ದದ ಹೊಟ್ಟೆಯಲ್ಲಿ ಅಡಗಿವೆ.

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಶಬ್ದಗಳು ನೂರಾರು. ಸ್ಟೇಶನ್ನು, ಕೋರ್ಟು, ತಿಕೀಟು ಮೊದಲಾದವು ಬಂದ ದಿನದಲ್ಲಿ ಯಾವ ಅರ್ಥವನ್ನು ಹೊತ್ತುಕೊಂಡಿದ್ದವೋ ಬಹುಮಟ್ಟಿಗೆ ಅದೇ ಅರ್ಥದಲ್ಲಿ ಇಂದಿಗೂ ನಿಂತಿರುವವು. ಕಂಪನಿಯ ಮಾತು ಹಾಗಲ್ಲ. ಅದು ಈ ಸೀಮೆಗೆ ಮೊದಲು ದಂಡಿನ ಹೆಸರಾಗಿ ಬಂದಿತು, ಬಳಿಕ ಅರಸುತನದ ಹೆಸರಾಯಿತು, ಅರಸುತನವನ್ನು ಕಳೆದುಕೊಂಡ ತರುವಾಯ ಜನರ ಅಕ್ಕರೆಯ ಮಾತಾಯಿತು. ಈ ಮೂರು ಅವಸ್ಥೆಗಳ ಚರಿತ್ರೆಯು ಈ ನಾಲ್ಕು ತಾಲೂಕುಗಳ ಚರಿತ್ರೆಯೇ ಸರಿ. ಅದನ್ನು ನೋಡುವ ಮುಂಚೆ ಶಬ್ದದ ಮೂಲವನ್ನು ಸ್ವಲ್ಪ ವಿಚಾರಿಸುವದು ಅವಶ್ಯ.

ಲ್ಯಾಟಿನ್ ಭಾಷೆಯಲ್ಲಿ ‘ಕೊಮ್’ ಎಂದರೆ ಕೂಡ. ‘ಪಾನಿಸ್’ ಎಂದರೆ ರೊಟ್ಟಿ. ಈ ಎರಡೂ ಸೇರಿ ‘ಕಂಪಾನಿಯೊ’ ಎಂಬ ಪದವಾಯಿತು. ಕೂಡಿ ರೊಟ್ಟಿ ತಿನ್ನುವವನು ಎಂಬುದೇ ಅದರ ಅರ್ಥ. ಅದು ಫ್ರೆಂಚಿನ ಮಾರ್ಗವಾಗಿ ಇಂಗ್ಲಿಷನ್ನು ಸೇರಿ ಕವಲೊಡೆಯಿತು. ಒಡನಾಡಿಗಳ ಕೂಟವು ಕಂಪನಿಯಾಯಿತು. ಮನೆಗೆ ಬಂದ ಅತಿಥಿಗಳು ಕಂಪನಿಯಾದರು. ಒಬ್ಬ ಕಪ್ತಾನನ ಕೈಕೆಳಗಿನ ಸಿಪಾಯಿಗಳ ತುಕಡಿಯು ಕಂಪನಿಯಾಯಿತು. ಒಂದು ಹಡಗಿನ ನಾವಿಕರೆಲ್ಲರೂ ಕೂಡಿ ಕಂಪನಿಯಾದರು. ವೇಷಗಾರರ ಮೇಳಕ್ಕೂ ಅದೇ ಹೆಸರಾಯಿತು. ಲಂಡನ್ನಿನ ಬಟ್ಟೆಯ ವರ್ತಕರು, ಅಕ್ಕಸಾಲಿಗರು ಮೊದಲಾದ ಕಸಬುಗಾರರು ಕಟ್ಟಿಕೊಂಡ ಸಂಘಗಳೂ ಕಂಪನಿಗಳೆನಿಸಿದವು. ಕಡೆಗೆ ಬಂಡವಲು ಕೂಡಿಸಿ ಲಾಭವನ್ನು ಹಂಚಿಕೊಳ್ಳುವ ಪಾಲುದಾರರ ಮಂಡಲಿಗೆ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಅರ್ಥಗಳು ಎಷ್ಟೇ ಬೇರೆಯಾದರೂ ಎಲ್ಲದರ ಅಡಿಯಲ್ಲಿ ಒಂದು ಪಂಕ್ತಿಯೂ ಆ ಪಂಕ್ತಿಯಲ್ಲಿ ಹಂಚಿ ತಿನ್ನುವ ಒಂದು ರೊಟ್ಟಿಯೂ ಉಂಟು.

ಈ ಭಾವನೆಯು ಕನ್ನಡಿಗರಿಗೆ ಹೊಸದಲ್ಲ. ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತುಂಟು. ಒಡೆಯನ ಜೋಳವನ್ನು ಉಂಡವನು ಸಮಯ ಒದಗಿದಾಗ ಪ್ರಾಣವನ್ನಾದರೂ ಕೊಟ್ಟು ಆ ಋಣವನ್ನು ತೀರಿಸತಕ್ಕದ್ದೆಂಬ ಧರ್ಮಕ್ಕೆ ಆ ಹೆಸರು. ಹಾನಗಲ್ಲ ಸೀಮೆಯ ಊರುಗಳಲ್ಲಿ ನಿಂತಿರುವ ವೀರಗಲ್ಲುಗಳ ಹಿಂದೆ ಇರುವ ನೀತಿಯು ಇದೇ. ಲ್ಯಾಟಿನ್ ಭಾಷೆಯು ಕೂಡಿ ಉಣ್ಣುವ ಸ್ನೇಹವನ್ನು ಮಾತ್ರ ಹೇಳಿತು. ಕನ್ನಡವು ಅದಕ್ಕೆ ಉಂಡ ಋಣವನ್ನೂ ಸೇರಿಸಿತು. ರೊಟ್ಟಿಯನ್ನು ಹಂಚಿಕೊಂಡವರಾರು, ಉಂಡ ಜೋಳದ ಋಣವನ್ನು ಸಲ್ಲಿಸಿದವರಾರು ಎಂಬ ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡು ನೋಡಿದರೆ ಈ ಸೀಮೆಗೆ ಬಂದುಹೋದ ಕಂಪನಿಗಳಲ್ಲಿ ಯಾವದು ತನ್ನ ಹೆಸರಿಗೆ ತಕ್ಕುದಾಗಿತ್ತೆಂಬದು ತಿಳಿದೀತು.

ಶಬ್ದವು ಬರುವ ಮುಂಚೆ ವಸ್ತುವೇ ಇಲ್ಲಿ ಇರಲಿಲ್ಲವೆಂದು ತಿಳಿಯಬಾರದು. ಐಹೊಳೆಯನ್ನು ಮೂಲಸ್ಥಾನವಾಗಿ ಮಾಡಿಕೊಂಡ ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಮಹಾಸಂಘವು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿತ್ತು. ಆ ಸಂಘಕ್ಕೆ ತನ್ನದೇ ಆದ ಧ್ವಜವೂ, ಸರಕಿನ ಸಾಲುಗಳನ್ನು ಕಾಯುವ ಆಯುಧಧಾರಿಗಳೂ ಇದ್ದರು. ಅದರ ಹೆಸರನ್ನು ಹೇಳುವ 1088ರ ಒಂದು ತಮಿಳು ಶಾಸನವು ಕಡಲಾಚೆ ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತಿದೆ. ಆಗ ಪಾನುಂಗಲ್ಲೆನಿಸಿದ್ದ ಇಂದಿನ ಹಾನಗಲ್ಲಿನಲ್ಲಿ ಕದಂಬರ ಶಾಖೆಯೊಂದು ಚಾಲುಕ್ಯರ ಮಾಂಡಲಿಕವಾಗಿ ಆಳುತ್ತಿದ್ದಿತು. ಅವರ ನಾಡು ಪಾನುಂಗಲ್ಲು ಐನೂರೆಂದು ಪ್ರಸಿದ್ಧವಾಗಿತ್ತು. ಇಂದಿನ ಶಿಗ್ಗಾಂವ ತಾಲೂಕಿನಲ್ಲಿರುವ ಬಂಕಾಪುರವು ಅದಕ್ಕೂ ಹಿಂದೆ, ರಾಷ್ಟ್ರಕೂಟ ಅಮೋಘವರ್ಷನ ಸೇನಾನಿಯಾದ ಬಂಕೆಯನ ಹೆಸರಿನಿಂದ ಬೆಳೆದ ಪಟ್ಟಣ. ‘ನಗರ’, ‘ನಕರ’ ಎಂಬುವು ಆ ಕಾಲದಲ್ಲಿ ವರ್ತಕರ ಸಮೂಹಕ್ಕೆ ಸಲ್ಲುತ್ತಿದ್ದ ಮಾತುಗಳು. ಬಂಕಾಪುರದ ಕೋಟೆಯೊಳಗಿರುವ, ಅರವತ್ತು ಕಂಬದ ಗುಡಿಯೆಂದು ಜನರು ಕರೆಯುವ ದೇಗುಲದ ದೇವರ ಹೆಸರು ನಗರೇಶ್ವರ. ಈ ವರ್ತಕಸಂಘಗಳು ದೇಗುಲಗಳಿಗೆ ದತ್ತಿ ಬಿಟ್ಟವು, ಕೆರೆಗಳಿಗೆ ಹಣ ಕೊಟ್ಟವು, ಅರಸರಿಗೆ ಸುಂಕ ಸಲ್ಲಿಸಿದವು. ವ್ಯಾಪಾರವು ಅರಸುತನವನ್ನು ನುಂಗಲಿಲ್ಲ.

ಇನ್ನೊಂದು ಜಾತಿಯ ಕಂಪನಿಯು ಈ ಸೀಮೆಗೆ ಕಾಲಿಟ್ಟದ್ದು ಸವಣೂರಿನ ಕೋಟೆಯ ಎದುರಿನಲ್ಲಿ. ಸವಣೂರಿನ ನವಾಬ ಅಬ್ದುಲ್ ಹಕೀಮಖಾನನ ಮೇಲೆ 1756ರಲ್ಲಿ ಪೇಶವೆ ಬಾಳಾಜಿ ಬಾಜೀರಾಯನೂ ಹೈದರಾಬಾದಿನ ಸಲಾಬತಜಂಗನೂ ಕೂಡಿ ದಂಡೆತ್ತಿ ಬಂದರು. ಗುತ್ತಿಯ ಮುರಾರಿರಾಯ ಘೋರ್ಪಡೆಯು ನವಾಬನ ಪಕ್ಷವನ್ನು ಹಿಡಿದಿದ್ದನು. ಸಲಾಬತಜಂಗನ ಬೆಂಬಲಕ್ಕೆ ಬುಸ್ಸಿಯೆಂಬ ಸೇನಾನಿಯ ಫ್ರೆಂಚರ ತೋಫುಖಾನೆಯಿತ್ತು. ಆ ಬುಸ್ಸಿಯು ಫ್ರಾನ್ಸಿನ ಈಸ್ಟ್ ಇಂಡಿಯಾ ಕಂಪನಿಯ ಸೇವಕ. ಆ ಕಂಪನಿಯು 1664ರಲ್ಲಿ ವ್ಯಾಪಾರಕ್ಕೆಂದು ಹುಟ್ಟಿದುದು. ನವಾಬನು ತೋಫುಗಳ ಮುಂದೆ ನಿಲ್ಲಲಾರದೆ ಒಪ್ಪಂದಕ್ಕೆ ಬಂದನು. ಕೆಲಸ ಮುಗಿದ ಕೂಡಲೇ ಸಲಾಬತಜಂಗನು ಬುಸ್ಸಿಯನ್ನು ತನ್ನ ಸೇವೆಯಿಂದ ಬಿಡಿಸಿಬಿಟ್ಟನು. ಸವಣೂರಿನ ರೈತರು ಕಂಪನಿಯ ಪ್ರಥಮ ದರ್ಶನವನ್ನು ಸರಕಿನ ರೂಪದಲ್ಲಲ್ಲ, ಗುಂಡಿನ ರೂಪದಲ್ಲಿ ಪಡೆದರೆಂದು ಇದರಿಂದ ತಿಳಿಯುವದು.

ಎರಡನೆಯ ಸಾರೆ ಬಂದುದು ಇಂಗ್ಲಿಷರ ಕಂಪನಿ. ಲಂಡನ್ನಿನ ವರ್ತಕರು 1600ರ ಡಿಸೆಂಬರ 31ರಂದು ಎಲಿಝಬೆತ್ ರಾಣಿಯಿಂದ ಸನದನ್ನು ಪಡೆದು ಕಟ್ಟಿದ ಈ ಸಂಸ್ಥೆಯ ದಂಡು, ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರ ಜುಲೈ ತಿಂಗಳಲ್ಲಿ, ಧೋಂಡಿಯಾ ವಾಘನನ್ನು ಬೆನ್ನಟ್ಟಿ ಸವಣೂರಿಗೆ ಬಂದಿಳಿಯಿತು. ಅದರ ನಾಯಕನು ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂ ರಣದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಆಗ ದಂಡು ಬಂದು ಹೋಯಿತು. ಆದರೆ 1817ರ ಪುಣೆಯ ಒಪ್ಪಂದದಲ್ಲಿ ಪೇಶವೆಯು ಧಾರವಾಡದ ಕೋಟೆಯನ್ನೂ ಸುತ್ತಲಿನ ಪ್ರಾಂತವನ್ನೂ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಎಂಬವನು ಬಂದು ಸ್ವಾಧೀನಪಡಿಸಿಕೊಂಡನು. 1818ರಲ್ಲಿ ಪೇಶವೆಯ ರಾಜ್ಯವೇ ಮುಗಿಯಿತು. ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರುಗಳು ನೇರವಾಗಿ ಕಂಪನಿಯ ಖಾಲಸಾ ಮುಲುಕಿನಲ್ಲಿ ಸೇರಿದವು. ಶಿಗ್ಗಾಂವಿಯಲ್ಲಿ ಕಚೇರಿಯುಳ್ಳ ತಾಲೂಕಿಗೆ ಬಂಕಾಪುರ ತಾಲೂಕೆಂದೂ, ಹಿರೇಕೆರೂರಿನಲ್ಲಿ ಕಚೇರಿಯುಳ್ಳ ತಾಲೂಕಿಗೆ ಕೋಡ ತಾಲೂಕೆಂದೂ ದಫ್ತರದಲ್ಲಿ ಬಹುಕಾಲ ಹೆಸರಿತ್ತು. ಸವಣೂರು ಮಾತ್ರ ಕೆಲವೇ ಹಳ್ಳಿಗಳ ಸಣ್ಣ ಸಂಸ್ಥಾನವಾಗಿ ನವಾಬರ ವಂಶದಲ್ಲಿ ಉಳಿದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಹೊಸ ಅರಸನ ಹೆಸರು ಜನರ ನಾಲಿಗೆಗೆ ಸುಲಭವಾಗಿ ಒಗ್ಗಲಿಲ್ಲ. ಅವರು ಅದನ್ನು ‘ಕುಂಪಣಿ’ ಎಂದರು. ಗೌರವಕ್ಕಾಗಿ ‘ಕುಂಪಣಿ ಸರಕಾರ’, ‘ಕುಂಪಣಿ ಬಹಾದ್ದೂರ’ ಎಂದೂ ಹೇಳಿದರು. ಅರಸನೆಂದರೆ ಒಬ್ಬ ಮನುಷ್ಯನಾಗಿರಲೇಬೇಕೆಂಬ ರೂಢಿಯ ತಿಳಿವಳಿಕೆಯಿಂದ, ಕಡಲಾಚೆ ಕುಳಿತು ಆಳುವ ಯಾರೋ ಒಬ್ಬ ಸರದಾರನ ಹೆಸರು ಇದಾಗಿರಬೇಕೆಂದು ಬಹು ಜನ ಭಾವಿಸಿದುದೂ ಉಂಟು. ಇಲ್ಲಿ ಎರಡು ಶಬ್ದಸಾಮ್ಯಗಳನ್ನು ಗಮನಿಸಬಹುದು. ಹಳೆಯ ಶಾಸನಗಳಲ್ಲಿ ‘ಕಂಪಣ’ ಎಂಬುದು ಕೆಲವು ಹಳ್ಳಿಗಳ ಆಡಳಿತದ ವಿಭಾಗಕ್ಕೆ ಹೆಸರು. ಪೇಶವೆಯರ ಕಾಲದಿಂದ ಈ ಪ್ರಾಂತದ ದಫ್ತರಗಳಲ್ಲಿ ನೆಲೆಗೊಂಡಿದ್ದ ಮರಾಠಿಯಲ್ಲಿ ‘ಕುಂಪಣ’ ಎಂದರೆ ಬೇಲಿ. ಇವುಗಳಿಗೂ ಇಂಗ್ಲಿಷ್ ಶಬ್ದಕ್ಕೂ ಯಾವ ಸಂಬಂಧವೂ ಇಲ್ಲ. ಕೇವಲ ಕಿವಿಗೆ ತೋರುವ ಹೋಲಿಕೆ. ಆದರೂ ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಬಲ್ಲ ಒಕ್ಕಲಿಗನಿಗೆ ಆ ಹೋಲಿಕೆಯು ಅರ್ಥಶೂನ್ಯವಾಗಿ ತೋರಿರಲಾರದು.

ಕಂಪನಿಯ ಆಳಿಕೆಯಲ್ಲಿ ನೆಮ್ಮದಿಯ ಅಂಶವೇ ಇರಲಿಲ್ಲವೆಂದು ಹೇಳುವದು ನ್ಯಾಯವಲ್ಲ. ಐವತ್ತು ವರ್ಷಗಳ ಕಾಲ ಮರಾಠರ, ಹೈದರನ, ಟೀಪುವಿನ ದಂಡುಗಳ ತುಳಿತಕ್ಕೆ ಸಿಕ್ಕಿದ್ದ ಈ ಸೀಮೆಯಲ್ಲಿ ಸುಲಿಗೆಗಳು ನಿಂತವು. ಬೀಡುಬಿದ್ದ ಹೊಲಗಳು ಮತ್ತೆ ಸಾಗುವಳಿಗೆ ಬಂದವು. ಕಂಪನಿಯ ಸೇವಕರಲ್ಲಿ ಜೋಳವಾಳಿಯನ್ನು ಬಲ್ಲವರೂ ಇದ್ದರು. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ಮೇಲೆ ಏರಿಹೋದ ಕಲೆಕ್ಟರ ಥ್ಯಾಕರೆಯು ಮಡಿದಾಗ, ಅವನ ಕೈಕೆಳಗಿನ ವಾಲ್ಟರ್ ಎಲಿಯಟ್ ಎಂಬ ತರುಣ ಅಧಿಕಾರಿಯು ಕಿತ್ತೂರವರ ಸೆರೆಯಾದನು. ಬಿಡುಗಡೆಯಾದ ತರುವಾಯ ಅವನು ಈ ನಾಡಿನ ಮೇಲೆ ಹಗೆಯನ್ನು ಕಟ್ಟಿಕೊಳ್ಳದೆ, ಊರೂರಿನ ಕಲ್ಲುಗಳನ್ನು ಹುಡುಕಿ 595 ಶಾಸನಗಳನ್ನು ಪ್ರತಿಮಾಡಿಸಿ, 1837ರಲ್ಲಿ ಅವುಗಳ ಆಧಾರದಿಂದ ದಕ್ಷಿಣದ ರಾಜವಂಶಗಳ ಮೇಲೆ ಪ್ರಬಂಧವನ್ನು ಪ್ರಕಟಿಸಿದನು. ಪಾನುಂಗಲ್ಲಿನ ಕದಂಬರ ಚರಿತ್ರೆಯನ್ನು ಮುಂದೆ ಫ್ಲೀಟನು 1882ರಲ್ಲಿ ಬರೆಯುವಾಗ ಈ ಸಂಗ್ರಹವು ಅವನಿಗೆ ಸಾಧನವಾಯಿತು.

ಆದರೆ ಒಬ್ಬಿಬ್ಬ ಸೇವಕರ ಸೌಜನ್ಯವು ಬೇರೆ, ಸಂಸ್ಥೆಯ ಲೆಕ್ಕವು ಬೇರೆ. ಕಂಪನಿಯು ಹಾನಗಲ್ಲಿಗೆ ಬಂದಾಗ ಅದು ವ್ಯಾಪಾರದ ಕಂಪನಿಯಾಗಿ ಅರ್ಧ ಸತ್ತಿತ್ತು. ಭಾರತದ ವ್ಯಾಪಾರದಲ್ಲಿ ಅದಕ್ಕಿದ್ದ ಏಕಸ್ವಾಮ್ಯವನ್ನು ಇಂಗ್ಲೆಂಡಿನ ಪಾರ್ಲಿಮೆಂಟು 1813ರಲ್ಲಿಯೇ ಕಿತ್ತುಹಾಕಿತ್ತು. 1833ರ ಕಾಯಿದೆಯಿಂದ ಅದರ ವ್ಯಾಪಾರವೇ ನಿಂತುಹೋಯಿತು. ಕೊಳ್ಳದ, ಮಾರದ ಕಂಪನಿಗೆ ಉಳಿದ ಉದ್ಯೋಗವು ಆಳುವದೊಂದೇ. ಹಾಗಾದರೆ ಅದರ ಪಾಲುದಾರರಿಗೆ ಲಾಭವು ಎಲ್ಲಿಂದ ಬರಬೇಕು? ಅದೇ ಕಾಯಿದೆಯು ಇದಕ್ಕೆ ಉತ್ತರವನ್ನು ಹೇಳಿತು. ಅವರ ಅರವತ್ತು ಲಕ್ಷ ಪೌಂಡುಗಳ ಬಂಡವಲಿನ ಮೇಲೆ ನೂರಕ್ಕೆ ಹತ್ತೂವರೆಯಂತೆ, ಅಂದರೆ ವರ್ಷಕ್ಕೆ 6,30,000 ಪೌಂಡುಗಳನ್ನು ಭಾರತದ ಕಂದಾಯದಿಂದ ಸಲ್ಲಿಸತಕ್ಕದ್ದೆಂದು ಗೊತ್ತುಪಡಿಸಿತು. ಕೋಡ ತಾಲೂಕಿನ ರೈತನು ಜೋಳವನ್ನು ಮಾರಿ, ರೊಕ್ಕ ಮಾಡಿ, ಶ್ಯಾನಭೋಗನ ಮುಂದೆ ಎಣಿಸಿಟ್ಟ ಕಂದಾಯದ ಒಂದು ಕಣವು ಈ ರೀತಿಯಾಗಿ ಲಂಡನ್ನಿನ ಪಾಲುದಾರನ ಕೈಸೇರಿತು. ಆ ಪಾಲುದಾರನು ಹಿರೇಕೆರೂರನ್ನು ಕನಸಿನಲ್ಲಿಯೂ ಕಂಡವನಲ್ಲ. ಮತವನ್ನು ಕೊಡುವ ಅಧಿಕಾರವೂ ಅಲ್ಲಿ ರೊಕ್ಕದ ಅಳತೆಯಿಂದಲೇ ಇತ್ತು; ಸಾವಿರ ಪೌಂಡಿನ ಪಾಲುಳ್ಳವನಿಗೆ ಒಂದು ಮತ, ಹತ್ತು ಸಾವಿರದ್ದುಳ್ಳವನಿಗೆ ನಾಲ್ಕು. ಕೂಡಿ ರೊಟ್ಟಿ ತಿಂದವರು ನಿಜವಾಗಿ ಇದ್ದರು. ಆದರೆ ಪಂಕ್ತಿಯು ಲಂಡನ್ನಿನಲ್ಲಿ, ಜೋಳವು ಇಲ್ಲಿಯದು. ಉಂಡವರಿಗೆ ಬೆಳೆದವನ ಋಣದ ಅರಿವು ಇರಲು ಅವಕಾಶವೇ ಇರಲಿಲ್ಲ. ಶಬ್ದದ ಮೂಲಾರ್ಥಕ್ಕೆ ಇದಕ್ಕಿಂತ ದೂರವಾದ ಪ್ರಯೋಗವನ್ನು ಕಲ್ಪಿಸುವದು ಕಠಿಣ.

1835ರಿಂದ ಟಂಕಿಸಿದ ರೂಪಾಯಿಯ ಒಂದು ಮಗ್ಗುಲಲ್ಲಿ ಇಂಗ್ಲೆಂಡಿನ ಅರಸನ ಮುಖ, ಇನ್ನೊಂದು ಮಗ್ಗುಲಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು. 180 ಗ್ರೇನು ತೂಕದ ಈ ನಾಣ್ಯವು ಪ್ರಾಂತಪ್ರಾಂತಕ್ಕೆ ಬೇರೆಯಾಗಿದ್ದ ಹಳೆಯ ನಾಣ್ಯಗಳನ್ನು ಕ್ರಮವಾಗಿ ಹಿಂದಕ್ಕೆ ನೂಕಿತು. ಅದರ ಬೆಳ್ಳಿಯ ಶುದ್ಧಿಯಲ್ಲಿ ಜನರಿಗೆ ನಂಬಿಗೆಯುಂಟಾಯಿತು. ಇಂದು ‘ಕಂಪನಿ ಮಾಲು’ ಎಂಬ ಮಾತಿನಲ್ಲಿರುವ ಅಸಲುತನದ ಭಾವಕ್ಕೆ ಈ ನಾಣ್ಯದ ನೆನಪೂ ಸ್ವಲ್ಪ ಪೋಷಣೆ ಕೊಟ್ಟಿದ್ದೀತು. ಶಿಶುನಾಳದ ಶರೀಫರು ಬದುಕಿದ ಕಾಲವು ಇದೇ. ಇಂದಿನ ಶಿಗ್ಗಾಂವ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ, ಅಂದರೆ ಪೇಶವೆಯ ರಾಜ್ಯವು ಮುಗಿದ ಮರುವರ್ಷ ಹುಟ್ಟಿ, 1889ರಲ್ಲಿ ತೀರಿಕೊಂಡ ಅವರು ಕಂಪನಿಯ ಉದಯವನ್ನೂ ಅಸ್ತವನ್ನೂ ನೋಡಿದರು. ಹತ್ತಿಯ ಗಿರಣಿಯಂಥ ಹೊಸ ಕಾಲದ ವಸ್ತುವನ್ನೂ ಅವರು ತತ್ತ್ವಪದಕ್ಕೆ ಪ್ರತಿಮೆಯಾಗಿ ಮಾಡಿಕೊಂಡರು. ಪರದೇಶದಿಂದ ಬಂದುದನ್ನು ಹೆದರದೆ, ಹಳಿಯದೆ, ತನ್ನ ಅನುಭವಕ್ಕೆ ಒಗ್ಗಿಸಿಕೊಳ್ಳುವ ಈ ಜಾಣ್ಮೆಯು ಈ ಸೀಮೆಯ ಜನರ ಸ್ವಭಾವದಲ್ಲಿಯೇ ಇದ್ದುದೆಂಬದಕ್ಕೆ ಕಂಪನಿ ಶಬ್ದದ ಮುಂದಿನ ಚರಿತ್ರೆಯೂ ಸಾಕ್ಷಿಯಾಗಿದೆ.

1858ರ ನವೆಂಬರ 1ರಂದು ವಿಕ್ಟೋರಿಯಾ ರಾಣಿಯ ಜಾಹೀರನಾಮೆಯು ಹೊರಟು ಕಂಪನಿಯ ಆಳಿಕೆಯು ಕೊನೆಗಂಡಿತು. ಹೆಸರಿಗೆ ಮಾತ್ರ ಉಳಿದಿದ್ದ ಸಂಸ್ಥೆಯು 1874ರ ಜೂನ 1ರಂದು ವಿಸರ್ಜಿತವಾಯಿತು. ಸಿಂಹಾಸನದಿಂದಿಳಿದ ಶಬ್ದವು ಹೊಸ ಉದ್ಯೋಗಗಳನ್ನು ಹುಡುಕಿಕೊಂಡಿತು. 1880ರ ದಶಕದಲ್ಲಿ ಸದರ್ನ ಮರಾಠಾ ರೇಲ್ವೆ ಕಂಪನಿಯು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಳಿಗಳನ್ನು ಹಾಕಿತು. ಯಲವಿಗಿ, ಸವಣೂರು, ಹಾವೇರಿಗಳ ಸ್ಟೇಶನ್ನುಗಳು ಆ ದಾರಿಯಲ್ಲಿ ಎದ್ದವು. ಹಾನಗಲ್ಲ, ಹಿರೇಕೆರೂರುಗಳಿಗೆ ಉಗಿಬಂಡಿಯು ಬರಲಿಲ್ಲ. ಆ ಹಳಿಗಳ ಮೇಲೆಯೇ ಮತ್ತೊಂದು ಕಂಪನಿಯು ಪೆಟ್ಟಿಗೆ ಪರದೆಗಳೊಡನೆ ಊರೂರು ತಿರುಗತೊಡಗಿತು. ಅದು ನಾಟಕ ಕಂಪನಿ.

ಈ ಕಂಪನಿಯ ಹುಟ್ಟಿನಲ್ಲಿ ಹಿರೇಕೆರೂರು ತಾಲೂಕಿಗೆ ವಿಶೇಷವಾದ ಪಾಲುಂಟು. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವು ಸಾಂಗಲಿಗೆ ಹೋಗಿ ಆಡಿದ ಆಟವನ್ನು ಕಂಡು ಸ್ಫೂರ್ತಿಗೊಂಡ ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾಸ್ವಯಂವರವೆಂಬ ಮರಾಠಿ ನಾಟಕವನ್ನಾಡಿಸಿದರು. ಕನ್ನಡದ ಬೀಜವು ಮರಾಠಿ ನೆಲದಲ್ಲಿ ಮರವಾಗಿ, ಅದರ ನೆರಳು ತಿರುಗಿ ಕನ್ನಡ ನಾಡಿನ ಮೇಲೆಯೇ ಬಿದ್ದಿತು. ಹುಬ್ಬಳ್ಳಿ, ಧಾರವಾಡ, ಗದಗುಗಳ ಕನ್ನಡಿಗರು ಮರಾಠಿ ನಾಟಕಗಳನ್ನೇ ನೋಡಿ ತಣಿಯುವ ಕಾಲ ಬಂದಿತು. ಇದನ್ನು ಕಂಡು ನೊಂದವರಲ್ಲಿ ಸಕ್ಕರಿ ಬಾಳಾಚಾರ್ಯರು ಮುಖ್ಯರು. ಅವರು 1856ರಲ್ಲಿ ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯಲ್ಲಿ ಜನಿಸಿದರು. ಆ ಊರ ದೇವರಾದ ಶಾಂತೇಶನ ಹೆಸರಿನಿಂದ ಶಾಂತಕವಿಯೆಂಬ ಅಂಕಿತವನ್ನು ತಾಳಿದರು. ಶಾಲೆಯ ಉಪಾಧ್ಯಾಯರಾಗಿದ್ದ ಅವರು 1870ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ, ಉಷಾಹರಣವೇ ಮೊದಲಾದ ನಾಟಕಗಳನ್ನು ಬರೆದು ಆಡಿಸಿದರು. 1920ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕನ್ನಡ ನಾಟಕವು ಸ್ವಂತದ ಕಾಲ ಮೇಲೆ ನಿಂತಿತ್ತು.

ಶಾಂತಕವಿಗಳು ತಮ್ಮ ಸಂಸ್ಥೆಗೆ ಇಟ್ಟ ಹೆಸರು ‘ಮಂಡಳಿ’ ಎಂಬುದನ್ನು ಲಕ್ಷಿಸಬೇಕು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ್ದು ‘ನಾಟಕ ಸಂಘ’. ಸವಣೂರಿನ ವಾಮನರಾವ ಮಾಸ್ತರರದು ವಿಶ್ವಗುಣಾದರ್ಶ ನಾಟಕ ಮಂಡಳಿ. ಕಟ್ಟಿದವರು ಮಂಡಳಿ, ಸಂಘ ಎಂದರು. ಫಲಕದಲ್ಲಿ, ಕೈಪತ್ರದಲ್ಲಿ ಹಾಗೆಯೇ ಬರೆಯಿಸಿದರು. ಆದರೆ ನೋಡಲು ಬಂದ ಜನರು ‘ಗುಬ್ಬಿ ಕಂಪನಿ’, ‘ಮಾಸ್ತರರ ಕಂಪನಿ’ ಎಂದೇ ಕರೆದರು. ಅಜ್ಜಂದಿರ ಬಾಯಲ್ಲಿ ಅಂಜಿಕೆಯಿಂದ ಹೊರಟ ಹೆಸರನ್ನೇ ಮೊಮ್ಮಕ್ಕಳು ಜಾತ್ರೆಯ ಸಂತೋಷದಲ್ಲಿ ಕೂಗಿ ಕರೆದರೆಂದರೆ ಆ ನಡುವೆ ಶಬ್ದದ ಒಳಗೆ ಏನೋ ಮಾರ್ಪಾಟಾಗಿರಬೇಕು.

ಆ ಮಾರ್ಪಾಟು ಯಾವದೆಂಬದು ನಾಟಕ ಕಂಪನಿಯ ಅಡಿಗೆಮನೆಯನ್ನು ನೋಡಿದರೆ ತಿಳಿಯುವದು. ಕಂಪನಿಯು ಒಂದೂರಿನಲ್ಲಿ ಮೊಕ್ಕಾಮು ಹಾಕಿತೆಂದರೆ ತಗಡಿನ ರಂಗಮಂದಿರವು ಏಳುವ ಮುಂಚೆ ಒಲೆಯು ಹೂಡಲ್ಪಡುತ್ತಿತ್ತು. ರಾತ್ರಿ ದುರ್ಯೋಧನನಾಗಿ ಕಿರೀಟವಿಟ್ಟವನೂ, ಅವನಿಗೆ ಚಾಮರ ಬೀಸಿದವನೂ, ಪರದೆ ಎಳೆದವನೂ, ಪೇಟಿಯವನೂ, ತಬಲೆಯವನೂ ಮರುದಿನ ಒಂದೇ ಒಲೆಯ ರೊಟ್ಟಿಯನ್ನು ತಿನ್ನುವರು. ಕಲೆಕ್ಷನ್ನು ಚೆನ್ನಾಗಿದ್ದರೆ ಪಗಾರ, ಮಳೆ ಹತ್ತಿ ಆಟ ನಿಂತರೆ ಬರಿಯ ಊಟ. ಮಾಲಕನು ಸಾಲ ಮಾಡಿಯಾದರೂ ಒಲೆಯನ್ನು ಆರಗೊಡಬಾರದೆಂಬುದು ಈ ಕಸಬಿನ ಮರ್ಯಾದೆ. ಕಂಪನಿಗಳಲ್ಲಿ ಜಗಳವಿರಲಿಲ್ಲವೆಂದಲ್ಲ, ಪಗಾರ ಮುಳುಗಿಸಿದ ಮಾಲಕರೂ, ನಡುದಾರಿಯಲ್ಲಿ ಕೈಬಿಟ್ಟು ಹೋದ ನಟರೂ ಇಲ್ಲದೆ ಇರಲಿಲ್ಲ. ಹೀಗಿದ್ದರೂ ಕಂಪನಿಯ ಮನುಷ್ಯನೆಂದರೆ ಕಂಪನಿಯ ಅನ್ನವನ್ನು ಉಂಡವನು ಎಂಬ ಅರ್ಥವು ಅಲ್ಲಿ ನೆಲೆಗೊಂಡಿತು. ಲ್ಯಾಟಿನ್ ಭಾಷೆಯ ಒಂದಕ್ಷರವನ್ನೂ ಅರಿಯದ ಜನರು ಶಬ್ದದ ಮೂಲಾರ್ಥವನ್ನು ತಮ್ಮ ನಡತೆಯಿಂದ ತಿರುಗಿ ಕಂಡುಹಿಡಿದರು.

ಇದರ ಪರಮಾವಧಿಯ ಉದಾಹರಣೆಯು ಹಾನಗಲ್ಲ ತಾಲೂಕಿನಿಂದಲೇ ದೊರೆಯುತ್ತದೆ. ಆ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಕುರುಡು ಕೂಸು ಹುಟ್ಟಿತು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು (1867–1930) ಆ ಬಾಲಕನ ಕಂಠವನ್ನು ಗುರುತಿಸಿ ಅವನಿಗೆ ಸಂಗೀತವನ್ನು ಕಲಿಸಿದರು. ಅವನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆ ಪ್ರಸಿದ್ಧನಾದನು. ಕುರುಡರೂ ಬಡವರೂ ಆದ ಹುಡುಗರನ್ನು ಕೂಡಿಸಿಕೊಂಡು ಊರೂರು ಸಂಚರಿಸುತ್ತ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟ ಅವರ ಪಾಠಶಾಲೆಯು ಕಡೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಅದೇ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಅವರ ಶಿಷ್ಯರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವು ಇವರ ಮೇಲೆ ಬಿದ್ದಿತು.

ನೂರಾರು ಬಾಯಿಗಳಿಗೆ ದಿನಕ್ಕೆ ಎರಡು ಹೊತ್ತು ಅನ್ನವನ್ನು ಎಲ್ಲಿಂದ ತರುವದು? ಭಿಕ್ಷೆಯೂ ಭಕ್ತರ ಕಾಣಿಕೆಯೂ ಸಾಲದೆ ಹೋದವು. ಆಶ್ರಮವು ನಾಟಕ ಕಂಪನಿಯನ್ನು ಕಟ್ಟಿತು. ಪುಟ್ಟರಾಜರು ತಾವೇ ನಾಟಕಗಳನ್ನು ರಚಿಸಿದರು, ಹಾಡುಗಳಿಗೆ ರಾಗವನ್ನು ಹಾಕಿದರು. ಕಂಪನಿಯು ಊರೂರು ತಿರುಗಿ ಗಳಿಸಿದ ಹಣವು ಗದಗಿಗೆ ಹೋಗಿ ಜೋಳವಾಯಿತು, ಅಕ್ಕಿಯಾಯಿತು, ಹುಡುಗರ ಅಂಗಿಯಾಯಿತು. ತಿಕೀಟು ಕೊಂಡು ನಾಟಕವನ್ನು ನೋಡಿದ ರೈತನು ತನಗೆ ತಿಳಿಯದೆಯೇ ಒಬ್ಬ ಕುರುಡು ಬಾಲಕನ ಪಂಕ್ತಿಯಲ್ಲಿ ಕುಳಿತನು. ಆ ಬಾಲಕರಲ್ಲಿ ಎಷ್ಟೋ ಜನರು ಗಾಯಕರಾಗಿ, ಸಂಗೀತದ ಶಿಕ್ಷಕರಾಗಿ ತಮ್ಮ ಅನ್ನವನ್ನು ತಾವೇ ದುಡಿದುಕೊಂಡರು. ಪುಟ್ಟರಾಜರು 2010ರಲ್ಲಿ ಲಿಂಗೈಕ್ಯರಾದರು. ರೊಟ್ಟಿಯನ್ನು ಹಂಚಿದವರಾರು, ಜೋಳದ ಋಣವನ್ನು ಸಲ್ಲಿಸಿದವರಾರು ಎಂಬ ಎರಡು ಪ್ರಶ್ನೆಗಳಿಗೂ ಈ ಕಂಪನಿಯೊಂದು ತಲೆಯೆತ್ತಿ ಉತ್ತರವನ್ನು ಹೇಳಬಲ್ಲದು.

ಈಗ ಮತ್ತೆ ಹೊಲಕ್ಕೆ ಬರುವಾ. ಕಂಪನಿ ಶಬ್ದವು ಇಂದು ಈ ಸೀಮೆಯ ಒಕ್ಕಲಿಗನ ಮುಂದೆ ಎರಡು ರೂಪಗಳಿಂದ ನಿಂತಿದೆ. ಒಂದು, ಕಂಪನಿ ಬೀಜ. ಗೋವಿನಜೋಳ, ಹತ್ತಿಗಳ ಸಂಕರ ಬೀಜವು ಇಳುವರಿಯನ್ನು ಹೆಚ್ಚಿಸಿತೆಂಬದು ನಿಜ. ಆದರೆ ಅದರ ಬೆಳೆಯಿಂದ ಮುಂದಿನ ವರ್ಷದ ಬಿತ್ತನೆಗೆ ಅದೇ ಗುಣದ ಬೀಜವು ದೊರೆಯದ ಕಾರಣ ಪ್ರತಿ ಮುಂಗಾರಿಗೂ ಕೈಯಿಂದ ರೊಕ್ಕವನ್ನು ಹೊರಹಾಕಲೇಬೇಕು. ಹೆಂಗಸರು ಬೂದಿ ಬೆರೆಸಿ, ಬೇವಿನ ಎಲೆಯಿಟ್ಟು ಕಾಯ್ದಿಡುತ್ತಿದ್ದ ಜವಾರಿ ಬೀಜದ ಗಡಿಗೆಗಳು ಹಲವು ಮನೆಗಳಲ್ಲಿ ಬರಿದಾಗಿವೆ. ಇನ್ನೊಂದು, ರೈತರದೇ ಕಂಪನಿ. 2002ರಲ್ಲಿ ಭಾರತದ ಕಂಪನಿ ಕಾಯಿದೆಗೆ ಆದ ತಿದ್ದುಪಡಿಯಂತೆ ಹತ್ತು ಮಂದಿ ಉತ್ಪಾದಕರು ಕೂಡಿ ಒಂದು ಉತ್ಪಾದಕ ಕಂಪನಿಯನ್ನು ಕಟ್ಟಬಹುದಾಗಿದೆ. ಅಲ್ಲಿ ವ್ಯಕ್ತಿಗಳಾಗಿ ಸೇರಿದ ಸದಸ್ಯರಿಗೆ ಪಾಲು ಎಷ್ಟೇ ಇರಲಿ, ತಲೆಗೆ ಒಂದೇ ಮತ. ಹತ್ತು ಸಾವಿರ ಪೌಂಡಿಗೆ ನಾಲ್ಕು ಮತಗಳಿದ್ದ ಹಳೆಯ ಕಂಪನಿಯ ಲೆಕ್ಕಕ್ಕೂ ಈ ಲೆಕ್ಕಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಾಯಿದೆಯು ಪಂಕ್ತಿಯನ್ನು ಹಾಕಿಕೊಡಬಲ್ಲದೇ ಹೊರತು ರೊಟ್ಟಿಯನ್ನು ಹಂಚಲಾರದು. ಅದು ಕೂಡಿದವರ ನಡತೆಗೆ ಬಿಟ್ಟ ಮಾತು.

ಒಂದು ಶಬ್ದಕ್ಕೆ ಅರ್ಥವು ಎಲ್ಲಿಂದ ಬರುವದೆಂಬುದಕ್ಕೆ ನಿಘಂಟು ಒಂದು ಉತ್ತರವನ್ನು ಕೊಡುವದು, ಚರಿತ್ರೆಯು ಇನ್ನೊಂದನ್ನು ಕೊಡುವದು. ಲಂಡನ್ನಿನ ವರ್ತಕರು ‘ಕೂಡಿ ರೊಟ್ಟಿ ತಿನ್ನುವವರು’ ಎಂಬ ಹೆಸರನ್ನಿಟ್ಟುಕೊಂಡು ಬಂದು ಪರರ ಜೋಳವನ್ನು ಉಂಡು ಹೋದರು. ಅವರು ಬಿಟ್ಟುಹೋದ ಹೆಸರನ್ನು ಸಾತೇನಹಳ್ಳಿ, ಸವಣೂರು, ಕಾಡಶೆಟ್ಟಿಹಳ್ಳಿ, ದೇವಗಿರಿಗಳ ಬಡವರು ಎತ್ತಿಕೊಂಡು ಅದಕ್ಕೆ ಅದರ ನಿಜಾರ್ಥವನ್ನು ತಿರುಗಿ ಕೊಟ್ಟರು. ಇನ್ನು ಮುಂದೆ ಯಾವನಾದರೂ ಈ ಸೀಮೆಯ ಸಂತೆಯಲ್ಲಿ ನಿಂತು “ನಮ್ಮದೊಂದು ಕಂಪನಿ ಉಂಟು” ಎಂದು ಹೇಳಿದರೆ, ಕೇಳಿದವರು ಅದರ ಬಂಡವಲು ಎಷ್ಟೆಂದು ವಿಚಾರಿಸುವ ಮುಂಚೆ, ಅದರ ಒಲೆಯು ಯಾವ ಊರಿನಲ್ಲಿದೆ, ಪಂಕ್ತಿಯಲ್ಲಿ ಕುಳಿತವರಾರು ಎಂದು ವಿಚಾರಿಸುವದು ಯೋಗ್ಯವಾದೀತು.